ಸಭೆಗೆ ಮುಂಚಿನ ಟ್ರಯಲ್

...ಇಲ್ಲ ಇಲ್ಲ, ಕೈ ಇಳಿಸಬೇಡಿ ಅಕ್ಕ, ಕಂಕುಳಲ್ಲಿ ಸುಕ್ಕು ಬೀಳುತ್ತೆ. ಹಾಂ, ಹಾಗೇ. ಉಸಿರಾಡಿ! ಕೋಟು ಹೊಲೀತಾ ಇದೀನಿ, ಮೂಳೆಗೆ ಪ್ಲಾಸ್ಟರ್ ಹಾಕ್ತಾ ಇಲ್ಲ... ನಗು ಬರಲಿಲ್ವಾ? ಬಿಡಿ. ನನಗೂ ನಕ್ಕು ಎಷ್ಟೋ ದಿನ ಆಯ್ತು.

ನಿಜ ಹೇಳ್ಲಾ? ನೀವು ಬರ್ತೀರಿ ಅಂತ ನಾನು ಅಂದ್ಕೊಂಡೇ ಇರಲಿಲ್ಲ. ಅಳತೆ ಕೊಟ್ಟು ಹೋದಾಗ ಎಲ್ಲ ಸರಿ ಇತ್ತು. ಈಗ ನೋಡಿ... ಮಧ್ಯಾಹ್ನ ಪುರಸಭೆಯಲ್ಲಿ ನಿಮ್ಮ ವೈನ್ ಅಂಗಡಿ ಲೈಸೆನ್ಸು ಉಳೀಬೇಕಾ, ಹೋಗಬೇಕಾ ಅಂತ ಸಭೆ. ನನ್ನ ಮಗಳು ಗುಬ್ಬಿಗೆ ಮಾರಿದ್ರಿ ಅಂತ ದೂರು ಕೊಟ್ಟವಳು ನಾನು. ಆ ಸಭೆಗೆ ಹಾಕ್ಕೊಂಡು ಹೋಗೋ ಕೋಟಿನ ಟ್ರಯಲ್‌ಗೆ ನೀವು ಬಂದಿರೋದು ನನ್ನ ಹತ್ರಾನೇ! ಬೇರೆ ಯಾರಾದ್ರೂ ಆಗಿದ್ರೆ ಬಟ್ಟೆ ವಾಪಸ್ ಕಿತ್ಕೊಂಡು ಹೋಗ್ತಿದ್ರು. ನೀವೇನೋ ಬಂದ್ರಿ, ಚಪ್ಪಲಿ ಬಿಟ್ರಿ, ಕನ್ನಡಿ ಮುಂದೆ ನಿಂತ್ರಿ. ಒಂದು ಮಾತಿಲ್ಲ, ಕತೆಯಿಲ್ಲ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಅಕ್ಕ. ದೇವರಾಣೆಗೂ ಇಲ್ಲ. ಇದು ಕಾನೂನಿನ ಮಾತು. ಸ್ವಲ್ಪ ತಿರುಗಿ... ಬೆನ್ನು ನನ್ನ ಕಡೆಗೆ.

ಕುಡಿಯೋ ವಯಸ್ಸು ಇಪ್ಪತ್ತೊಂದು ಮಾಡೋ ಹೊಸ ಕಾನೂನಿನ ಮೇಲೆ ಊರಿಗೆ ಊರೇ ಎರಡು ಪಾಲಾಗಿದೆ ಗೊತ್ತಾ? ನಿನ್ನೆ ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ ಹರಿಯೋದು ಬಿಟ್ಟು ಭಾಷಣ ಶುರು ಮಾಡಿದ್ದ. "ಹದಿನೆಂಟಕ್ಕೆ ಓಟು ಹಾಕಬಹುದು, ಸೈನ್ಯ ಸೇರಿ ಸಾಯಬಹುದು, ಒಂದು ಬಿಯರು ಕುಡಿಯೋಕೆ ಮಾತ್ರ ಇಪ್ಪತ್ತೊಂದಾಗಬೇಕಾ?" ಅಂತ. ಹಿಂದಿನ ಸೀಟಿನಲ್ಲಿದ್ದ ಅಜ್ಜಿ ಬಿಡ್ತಾಳಾ! "ಓಟು ಹಾಕಿ ಯಾರೂ ಚರಂಡಿಗೆ ಬಿದ್ದಿಲ್ಲ ಕಣಪ್ಪಾ" ಅಂದ್ಲು. ಬಸ್ಸೆಲ್ಲ ಗೊಳ್ಳೆಂದಿತು. ನಾನು ಮಾತ್ರ ಕಿಟಕಿ ಕಡೆ ಮುಖ ಮಾಡ್ಕೊಂಡಿದ್ದೆ. ಪೇಪರಿನಲ್ಲಿ ಫೋಟೋ ಬಂದಿದೆಯಲ್ಲ, ಗುರುತು ಹಿಡೀತಾರೆ. "ನೊಂದ ತಾಯಿ" ಅಂತ ದಪ್ಪಕ್ಷರ. ಕಾಜಾ ಗುಂಡಿ ಹಾಕ್ಕೊಂಡು ಬದುಕ್ತಿದ್ದವಳು ನಾನು... ಈಗ ಹೆಡ್‌ಮಿಸ್ಸೇ ಮನೆಗೆ ಬಂದು ಕೈ ಹಿಡ್ಕೊಂಡು, "ನೀವು ಒಂದು ಮಾತು ಆಡಿದ್ರೆ ಸಾಕು, ಶಾಲೆ ಪಕ್ಕದ ಆ ಅಂಗಡಿ ಎತ್ತಂಗಡಿ ಆಗುತ್ತೆ" ಅಂತಾರೆ. ಆಡ್ತೀನಿ ಅಂದೆ.

ನಿಮ್ಮ ಯಜಮಾನರೂ ಹೋದ ಸಭೆಯಲ್ಲಿ ಚೆನ್ನಾಗೇ ಮಾತಾಡಿದ್ರು. ಅಲ್ಲ ಅನ್ನಲ್ಲ. "ನಮ್ಮ ಬಾಗಿಲು ಮುಚ್ಚಿದ್ರೆ ಸಂದಿಗೊಂದಿಯಲ್ಲಿ ಮಾರೋರು ಹುಟ್ಕೋತಾರೆ, ಅವರು ವಯಸ್ಸು ಕೇಳ್ತಾರಾ? ಗುರುತಿನ ಚೀಟಿ ನೋಡದೆ ನಾನು ಒಂದು ಮಗುವಿಗೂ ಕೊಟ್ಟಿಲ್ಲ" ಅಂದ್ರು. ಹಿಂದಿನಿಂದ ಯಾರೋ "ಕಳ್ಳ" ಅಂತ ಕೂಗಿದ್ರು. ನಾನಲ್ಲ! ನಾನು ಕೂಗಲಿಲ್ಲ.

ತೋಳು ಉದ್ದ ಸರಿ ಇದೆಯಾ? ...ತಲೆಯಾದ್ರೂ ಆಡಿಸಿ. ಸರಿ.

ಆದ್ರೆ ಒಂದು ಹೇಳಿ. ನನ್ನ ಜಾಗದಲ್ಲಿ ನೀವಿದ್ದಿದ್ರೆ? ಗಿರಾಕಿ ಮನೆಗೆ ಬಟ್ಟೆ ಕೊಟ್ಟು ಬಂದೆ, ಮಟಮಟ ಮಧ್ಯಾಹ್ನ. ಬಚ್ಚಲಲ್ಲಿ ನಲ್ಲಿ ಸುರೀತಾನೇ ಇದೆ. "ಗುಬ್ಬೀ, ನೀರೇನು ನಿಮ್ಮಪ್ಪ ಬಿಟ್ಟು ಹೋದ ಆಸ್ತಿನಾ?" ಅಂತ ಬೈಕೊಂಡೇ ಹೋದೆ. ನೆಲದ ಮೇಲೆ ಬಿದ್ದಿದ್ಲು ಅಕ್ಕ. ಶಾಲೆ ಯೂನಿಫಾರಂನಲ್ಲೇ. ತುಟಿ ನೀಲಿ. ಕೆನ್ನೆಗೆ ಬಡಿದೆ, ಏಳಲಿಲ್ಲ... ಇನ್ನೂ ಬಡಿದೆ. ಹದಿನಾರು ವರ್ಷದ ಹುಡುಗಿ, ಒದ್ದೆ ಬಟ್ಟೆ ಮೂಟೆ ಹಾಗೆ ಒಂದು ಕಡೆ ಎತ್ತಿದ್ರೆ ಇನ್ನೊಂದು ಕಡೆ ಜಾರ್ತಾಳೆ! ಎದುರು ಮನೆ ಡ್ರೈವರು ಹೊತ್ಕೊಂಡು ಓಡಿದ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದ್ರು, ಏನು ಕುಡಿದಿದ್ದಾಳೆ, ಎಷ್ಟು, ಬೇಗ ಹೇಳಿ ಅಂತ. ಬ್ರಾಂಡಿ, ಅರ್ಧ ಬಾಟ್ಲಿಗಿಂತ ಒಂಚೂರು ಜಾಸ್ತಿ ಅಂದೆ. ಪಟ್ ಅಂತ ಹೇಳಿದ್ದಕ್ಕೆ ಒಳ್ಳೇದಾಯ್ತು ಅಂದ್ರು.

...ಏನು?

ಯಾಕೆ ಹಾಗೆ ನೋಡ್ತೀರಿ? ನೀವು ಆ ಕಡೆ ತಿರುಗಿದ್ರೂ ಕನ್ನಡಿಯಲ್ಲಿ ಕಾಣುತ್ತೆ ನನಗೆ.

ಹೇಗೆ ಗೊತ್ತಾಯ್ತು ಅಂದ್ರೆ... ಬಾಟ್ಲಿ ನೋಡಿ. ಅಲ್ಲೇ ಬಿದ್ದಿತ್ತಲ್ಲ... ಅಲ್ಲ, ಪೊಲೀಸರಿಗೆ ಬಾಟ್ಲಿ ಸಿಗಲಿಲ್ಲ. ಹೌದು, ಪೇಪರಿನಲ್ಲೂ ಹಾಗೇ ಬಂದಿದೆ. ವಾಸನೆ! ವಾಸನೆಯಿಂದ ಬ್ರಾಂಡಿ ಅಂತ ಗೊತ್ತಾಗಲ್ವಾ? ಎಷ್ಟು ಅಂತ... ವಾಸನೆಯಿಂದ ಎಷ್ಟು ಅಂತ...

ಅಯ್ಯೋ, ಬೆರಳಿಗೆ ಚುಚ್ಕೊಂಡೆ. ಏನಿಲ್ಲ. ಬಿಡಿ, ಕೈ ಬಿಡಿ ಅಕ್ಕ. ನಿಮ್ಮ ಕರ್ಚೀಫು ಹಾಳಾಗುತ್ತೆ. ಯಾಕೆ ನನ್ನ ಕೈ ಒರೆಸ್ತೀರಿ ನೀವು? ನಿಮ್ಮ ಮನೆಗೆ ಬೆಂಕಿ ಇಡೋಕೆ ಹೊರಟವಳ ಕೈ ಇದು!

ಏನಾದ್ರೂ ಕೇಳಬಾರದಾ? ಬಂದಾಗಿನಿಂದ ಕಾಯ್ತಾ ಇದೀನಿ, ಈಗ ಕೇಳ್ತೀರಿ, ಈಗ ಕೇಳ್ತೀರಿ ಅಂತ. ಒಂದೇ ಒಂದು ಪ್ರಶ್ನೆ ಸಾಕಿತ್ತಲ್ಲ ನಿಮಗೆ! ಹೆದರಿಸೋಕೆ ಬಂದ್ರಾ? ...ಅಲ್ವಾ? ಮತ್ತೆ? ಹೋದ ಸಭೆಯಲ್ಲಿ ನಿಮ್ಮ ಗಂಡನ್ನ ಕಳ್ಳ ಅಂದಾಗಲೂ ನೀವು ತುಟಿ ಪಿಟಕ್ ಅನ್ನಲಿಲ್ಲ. ನನ್ನ ಕಡೆ ನೋಡಿದ್ರಿ ಅಷ್ಟೇ. ಅವರಿಗೆ ಗೊತ್ತಿಲ್ಲ ಅಲ್ವಾ? ಅವರು ಊಟಕ್ಕೆ ಹೋದಾಗ ತಾನೇ ನಾನು ಅಂಗಡಿ ಹಿಂಬಾಗಿಲಿಗೆ ಬರ್ತಿದ್ದದ್ದು. ಗಂಡನಿಗೂ ಹೇಳಿಲ್ಲ ನೀವು. ಅಂಗಡಿ ಹೋಗೋ ಹೊತ್ತಿನಲ್ಲೂ ಹೇಳಿಲ್ಲ!

ಮೊದಲನೇ ಸಲ "ಕೋಟಿನ ಒಳ ಅಸ್ತರಿಗೆ ಹಾಕೋ ಗಂಜಿಗೆ ಬೇಕು" ಅಂದಿದ್ದೆ. ಬ್ರಾಂಡಿ! ಗಂಜಿಗೆ! ನೀವು ನಗಲೂ ಇಲ್ಲ, ಯಾಕೆ ಅಂತ ಕೇಳಲೂ ಇಲ್ಲ. ಪೇಪರಿನಲ್ಲಿ ಸುತ್ತಿ, ಮೇಲೊಂದು ತುಂಡು ಬಟ್ಟೆ ಇಟ್ಟು ಕೊಟ್ರಿ. ಅವಳಪ್ಪ ಹೋದ ಮೇಲೆ ನಿದ್ದೆ ಅನ್ನೋದು ಹತ್ರ ಸುಳೀತಿರಲಿಲ್ಲ ಅಕ್ಕ. ಆಮೇಲೆ ನಿದ್ದೆ ಬಂತು, ಕುಡಿಯೋದು ಬಿಡಲಿಲ್ಲ... ಅವಳಿಗೆ ಗೊತ್ತಿಲ್ಲ ಅಂದ್ಕೊಂಡಿದ್ದೆ. ಬಡ್ಡಿಮಗಳು ನಾನು, ಎರಡು ಕೋಣೆ ಮನೆಯಲ್ಲಿ ಗೊತ್ತಿಲ್ಲ ಅಂದ್ಕೊಂಡಿದ್ದೆ! ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವಳು ಮೊದಲು ಏನಂದ್ಲು ಗೊತ್ತಾ? "ಅದರಲ್ಲಿ ನಿಂಗೆ ಏನು ಸಿಗುತ್ತೆ ಅಂತ ನೋಡೋಣ ಅನ್ನಿಸ್ತು ಅಮ್ಮಾ. ಏನೂ ಸಿಗಲಿಲ್ಲ."

ಬಾಟ್ಲಿ ನಾನೇ ಒಡೆದು ಹಾಕಿದ್ದು. ಗಾಜು ಆಯ್ದು, ಸುತ್ತಿ, ಕಸದ ಲಾರಿಗೆ ಎಸೆದೆ.

ಆದ್ರೆ ನಿಮ್ಮ ಅಂಗಡಿ ಹೆಸರು ನಾನು ಹೇಳಿದ್ದಲ್ಲ. ಅದನ್ನ ನಂಬಿ. ಪೊಲೀಸಿನವನು ಮಂಚದ ಹತ್ರ ಬಂದು "ಎಲ್ಲಿಂದ ತಂದೆ ಮಗಳೇ?" ಅಂತ ಕೇಳ್ದ. ಗುಬ್ಬಿ ನನ್ನ ಮುಖ ನೋಡಿದ್ಲು. ಆಮೇಲೆ "ಶಾಲೆ ಪಕ್ಕದ ಅಂಗಡಿಯಲ್ಲಿ" ಅಂದ್ಲು. ನಾನು ಹೇಳ್ಕೊಟ್ಟಿಲ್ಲ ಅಕ್ಕ! ಹೇಳ್ಕೊಡಲಿಲ್ಲ... ಬೇಡ ಅಂತಲೂ ಅನ್ನಲಿಲ್ಲ. ನೀರಿನ ಲೋಟ ಎತ್ಕೊಂಡು ಅವಳ ಬಾಯಿಗೆ ಹಿಡಿದೆ.

ಅಲ್ಲಿಂದ ಮೇಲೆ ಎಲ್ಲ ತಾನಾಗೇ ಉರುಳ್ತು. ದೂರು, ಫೋಟೋ, ಹೆಡ್‌ಮಿಸ್ಸು. ಕಾನೂನು ಬರಲಿ ಅಂತ ನನಗೂ ಆಸೆ ಇದೆ, ಅದು ಸುಳ್ಳಲ್ಲ. ಇಪ್ಪತ್ತೊಂದು ಮಾಡಲಿ, ನಲವತ್ತು ಮಾಡಲಿ! ಆದ್ರೆ ಬಾಟ್ಲಿ ಬಚ್ಚಿಡ್ತಿದ್ದ ನನ್ನ ಬೀರುವಿಗೆ ಯಾವ ಕಾನೂನು ಬೀಗ ಹಾಕುತ್ತೆ ಹೇಳಿ? ಮಧ್ಯಾಹ್ನ ಅವಳನ್ನ ಮೈಕಿನ ಮುಂದೆ ನಿಲ್ಲಿಸ್ತಾರಂತೆ. ಮಗು ಬಾಯಿಂದಲೇ ಬಂದ್ರೆ ತೂಕ ಜಾಸ್ತಿ ಅಂತೆ. ನಾನು ಅದಕ್ಕೂ ಹೂಂ ಅಂದೆ.

ಹೇಳಿ ಅಕ್ಕ. ಬೈಯಿರಿ. ಕೆನ್ನೆಗೆ ಹೊಡೀರಿ. ಹೀಗೆ ಸುಮ್ಮನೆ ನಿಲ್ಲಬೇಡಿ! ಅವಳೂ ನನ್ನ ಜೊತೆ ಹೀಗೇ ಸುಮ್ಮನಿದ್ದಾಳೆ. ಅನ್ನಕ್ಕೆ ಕರೆದ್ರೆ ಬರ್ತಾಳೆ, ತಟ್ಟೆ ತೊಳೆದಿಟ್ಟು ಹೋಗ್ತಾಳೆ. ನೀವಿಬ್ರೂ ಸೇರಿ ನನ್ನನ್ನ ಕಾಪಾಡ್ತಾ ಇದೀರಾ, ಕೊಲ್ತಾ ಇದೀರಾ?

...ಶ್. ಕೇಳಿಸ್ತಾ? ಗೋಡೆ ಆ ಕಡೆ, ಒಳಕೋಣೆಯಲ್ಲಿ ಗುಬ್ಬಿ.

ಬೆಳಗ್ಗೆಯಿಂದ ಹೀಗೇ. ಮಗ್ಗಿ ಒಪ್ಪಿಸೋ ಹಾಗೆ. "ನಾನು ಆ ಅಂಗಡಿಯಲ್ಲೇ ತಗೊಂಡೆ... ಅವರು ನನ್ನ ವಯಸ್ಸು ಕೇಳಲಿಲ್ಲ." ತಪ್ಪಿದ್ರೆ ಮತ್ತೆ ಮೊದಲಿಂದ. ಕೇಳ್ತಾ ಇದೀರಲ್ಲ? ಎಷ್ಟು ಚೆನ್ನಾಗಿ ಕಲ್ತಿದ್ದಾಳೆ ನೋಡಿ, ನನಗೋಸ್ಕರ.

ಇಲ್ಲೇ ಇರಿ ಅಕ್ಕ. ಹೋಗಬೇಡಿ, ನೀವಿದ್ರೆ ನಾನು ಮಾತು ತಿರುಗಿಸಲ್ಲ. ಬಾಗಿಲು ತೆಗೀತೀನಿ...

ಗುಬ್ಬೀ. ಸಾಕು ಕಣೇ, ನಿಲ್ಸು. ಇವತ್ತು ನೀನು ಮಾತಾಡೋದು ಬೇಡ.