ಕಲೆ ಮುಚ್ಚುವ ನೀಲಿ

ಕರುಳಿನ ಪರೀಕ್ಷೆಗೆಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಟೈಲರಮ್ಮನಿಗೆ ಪಕ್ಕದ ಗಂಡಹೆಂಡಿರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಗಂಡನ ಉಗುರುಸಂದಿಯಲ್ಲೆಲ್ಲ ನೀಲಿ. ಬಟ್ಟೆಗೆ ಬಣ್ಣ ಹಾಕುವ ಕೈ.

“ಕರುಳೊಳಗೆ ನೀಲಿ ಚಿಮುಕಿಸ್ತಾರಂತೆ ಕಣೇ. ನಮ್ಮ ಬಣ್ಣದ ತೊಟ್ಟೀಲಿರೋ ಗಿಡದ ನೀಲಿ ಥರದ್ದೇ.”

“ಯಾಕಂತೆ?”

“ಬರಿಗಣ್ಣಿಗೆ ಕಾಣದ ಗಂಟಿದ್ರೆ ಎದ್ದು ಕಾಣತ್ತಂತೆ.”

“ಒಳ್ಳೇದೇ ಆಯ್ತಲ್ಲ.”

“ಏನು ಒಳ್ಳೇದು? ಕಲೆಯಾದ ಬಟ್ಟೆ ತಂದೋರಿಗೆಲ್ಲ ನೀಲೀಲಿ ಅದ್ದಿ ಮುಚ್ಚಿಕೊಟ್ಟೋನು ನಾನು. ಅದೇ ನೀಲಿ ಕಲೆ ತೋರಿಸತ್ತೆ ಅಂದ್ರೆ ಹ್ಯಾಗೆ ನಂಬಲಿ? ನಡಿ, ಮನೆಗೆ ಹೋಗೋಣ. ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ.”

ಹೆಂಡತಿ ಅವನ ತೋಳು ಹಿಡಿದು ಕೂರಿಸಿದಳು.

“ರೀ, ನಿಮ್ಮ ಬಿಳೀ ಚಡ್ಡಿಗಳನ್ನೆಲ್ಲ ತೊಟ್ಟೀಲಿ ಅದ್ದಿದ್ದು ಯಾಕೆ?”

ಅವನು ಉಗುರು ನೋಡಿಕೊಂಡ.

“ಒಗೆಯೋಳು ನಾನಲ್ವಾ? ನೆನೆಹಾಕಿದ್ರೆ ಬಕೆಟ್ ನೀರು ಕೆಂಪಗಾಗತ್ತೆ.”

“ಗೊತ್ತಿದ್ದೂ ಸುಮ್ನಿದ್ದೆಯಾ?”

“ನೀವೇ ಬಾಯಿಬಿಡ್ತೀರ ಅಂತ ಕಾದೆ. ನೀವು ಬಿಡ್ಲಿಲ್ಲ, ನಾನೇ ಎಳ್ಕೊಂಡು ಬಂದೆ.”

ನರ್ಸ್ ಬಾಗಿಲಿಂದ ಕರೆದಳು. ಅವನು ಎದ್ದು ಎರಡು ಹೆಜ್ಜೆ ಹಾಕಿ ನಿಂತ.

“ಬಾರೇ. ಡಾಕ್ಟ್ರಿಗೆ ಬಕೆಟ್ ವಿಷಯ ನೀನೇ ಹೇಳು. ನಂಗೆ ಬಾಯಿ ಬರಲ್ಲ.”

ಇಬ್ಬರೂ ಒಳಗೆ ಹೋದರು.