ಸ್ಟೈನಿಟ್ಜ್ ಹುಚ್ಚ ಇರಲಿಲ್ಲವಾ, ಸ್ವರೂಪಾ

...ಎಂಜಿನ್ ಬಂದ್ ಮಾಡಬ್ಯಾಡ, ಸ್ವರೂಪಾ. ಹೊರಗ ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್ ಐತಿ, ಹೆಪ್ಪುಗಟ್ಟೂ ಥಂಡಿ. ಅಲ್ಲಾ, ಇಳಿಯೂದೇ ಇಲ್ಲ ಅಂದ್ನೇನು? ಇಳೀತೀನಿ. ಐದು ನಿಮಿಷ ತಡಿ ಅಂದ್ನಿ, ಅಷ್ಟೇ. ಹತ್ತೂವರಿಗೆ ಅಪಾಯಿಂಟ್‌ಮೆಂಟು, ಇನ್ನಾ ಹತ್ತು ಹೊಡದಿಲ್ಲ. ನೇಪರ್‌ವಿಲ್‌ನ ಡಾಕ್ಟರು ಎಲ್ಲಿ ಓಡಿ ಹೋಗ್ತಾನ?

ಹಂಗ ನೋಡಬ್ಯಾಡ ನನ್ನ. ನೀನೂ ಡಾಕ್ಟರ್ ಅದೀ, ಗೊತ್ತೈತಿ. ಆದ್ರ ನಿಮ್ಮಪ್ಪ ಯಾರು? ಇಪ್ಪತ್ತೆಂಟು ವರ್ಷ ಆಬರ್ನ್ ಹಿಲ್ಸ್‌ನ ಕಾರ್ ಕಂಪನ್ಯಾಗ ಬ್ರೇಕ್ ಡಿಸೈನ್ ಮಾಡಿದ ಸಂಗನಬಸಪ್ಪ! ನಾ ಮಾಡಿದ ಬ್ರೇಕ್ ನಂಬಿ ಜನ ಇವತ್ತಿಗೂ ಹೈವೇ ಮ್ಯಾಲ ಎಂಬತ್ತರಾಗ ಹೊಂಟಾರ. ಅಂಥಾವನ್ನ ಒಳಗ ಕೂಡಿಸಿ ಏನು ಕೇಳ್ತಾರ? ಇವತ್ತು ಯಾವ ವಾರ? ಒಂದು ಗಡಿಯಾರದ ಚಿತ್ರ ತಗಿ? ಥೂ! ಮಂಗಳವಾರ. ನೋಡು, ಹೇಳಿದ್ನಿಲ್ಲೋ? ಮಂಗಳವಾರ... ಯಾಕ? ಬುಧವಾರೇನು? ಆತು ಬಿಡು, ಬುಧವಾರ. ರಿಟೈರ್ ಆದಾವಗ ಎಲ್ಲಾ ವಾರಾನೂ ಒಂದೇ.

ಸ್ಟೈನಿಟ್ಜ್‌ಗೂ ಹಿಂಗೇ ಮಾಡಿದ್ರು.

ಕಣ್ಣು ಮುಚ್ಚಬ್ಯಾಡ! ಸಣ್ಣಾಕಿ ಇದ್ದಾಗಿಂದ ಕೇಳಿ ಕೇಳಿ ಸಾಕಾಗೇತಿ ನಿನಗ, ಗೊತ್ತು. ಇನ್ನೊಮ್ಮೆ ಕೇಳು. ಚೆಸ್ಸಿನ ಮೊದಲನೇ ವರ್ಲ್ಡ್ ಚಾಂಪಿಯನ್ನು. ಹದಿನೆಂಟುನೂರಾ ಎಂಬತ್ತಾರನೇ ಇಸವಿ. ಮೊದಲನೇ ಆಟ ಗೆದ್ದ, ಆಮ್ಯಾಲ ಸಾಲಕ್ಕ ಸಾಲ ನಾಕು ಸೋತ. ಮುದುಕಂದು ಮುಗೀತು ಅಂದ್ರು. ಮುಗೀತೇನು? ಎದ್ದು ಬಂದು ಒಟ್ಟು ಹತ್ತು ಆಟ ಗೆದ್ದ! ಅವನಿಗಿಂತ ಮೊದಲ ಚೆಸ್ ಅಂದ್ರ ಏನಿತ್ತು? ರಾಜನ ಮ್ಯಾಲ ನುಗ್ಗು, ಕುದರಿ ಬಲಿ ಕೊಡು, ಭೇಷ್ ಅನಿಸ್ಕೋ. ಈತ ಅಂದ, ಅವಸರ ಬ್ಯಾಡ. ಇಲ್ಲೊಂದು ಮನಿ, ಅಲ್ಲೊಂದು ಪ್ಯಾದಿ, ಸಣ್ಣ ಸಣ್ಣದು ಕೂಡಿಸ್ಕೋತ ಹೋಗು. ರಾಜನ ಬಗ್ಗೆ ಅಂಜಬ್ಯಾಡ, ರಾಜ ಗಟ್ಟಿ ಇರ್ತಾನ, ತನ್ನನ್ನ ತಾನೇ ಕಾಯ್ಕೋತಾನ. ಇವತ್ತು ನಿನ್ನ ಮಗಳು ಸಿಯಾ ಆಡ್ತಾಳಲ್ಲ, ಅದೂ ಅವಂದೇ ಆಟ.

ಅಂಥಾವ ಅರವತ್ತರ ವಯಸ್ಸಿನಾಗ ಮಾಸ್ಕೋಕ್ಕ ಹೋಗಿ, ಸೋತು, ದಣಿದು ಕುಂತಿದ್ದ. ವೈರ್ ಇಲ್ಲದನೇ ಫೋನಿನ್ಯಾಗ ಮಾತಾಡ್ತೀನಿ ಅಂದ. ಅಷ್ಟಕ್ಕೇ ಹಿಡಿದು ಹುಚ್ಚರ ಆಸ್ಪತ್ರ್ಯಾಗ ಹಾಕಿದ್ರು! ಯಾಕ ನಗಾಕತ್ತಿ? ನಿನ್ನ ಕೈಯಾಗ ಏನೈತಿ ನೋಡು, ಅದಕ್ಕ ವೈರ್ ಐತೇನು? ...ನಕ್ಕಿಲ್ಲಾ? ನಕ್ಕಂಗ ಕಾಣಿಸ್ತು. ಹೊರಗ ಬಂದು ಮರುವರ್ಷ ವಿಯೆನ್ನಾದಾಗ ನಾಕನೇ ನಂಬರ್ ಬಂದ, ಸ್ವರೂಪಾ! ಹುಚ್ಚರು ನಾಕನೇ ನಂಬರ್ ಬರ್ತಾರೇನು?

ಆಮ್ಯಾಲ? ಆಮ್ಯಾಲೇನು... ಹುಬ್ಬು ಏರಿಸಬ್ಯಾಡ, ಹೇಳ್ತೀನಿ. ಸತ್ತ. ನ್ಯೂಯಾರ್ಕಿನ್ಯಾಗ, ಮತ್ತ ಅಂಥಾದೇ ಆಸ್ಪತ್ರ್ಯಾಗ. ಅದನ್ನ ನಾ ಯಾವಾಗ್ಲೂ ಹೇಳೂದಿಲ್ಲ, ಖರೆ. ಯಾಕ ಹೇಳ್ಬೇಕು? ಇಡೀ ಜಗತ್ತು ಅವನು ಕಲಿಸಿದ್ದನ್ನ ಆಡ್ತೈತಿ. ಅವನ ಹೆಸರು ತಗದ್ರ ಮಂದಿ ನೆನಸೂದು ಮಾತ್ರ ಆ ಫೋನು! ಆ ಆಸ್ಪತ್ರಿ! ಅದೇ ಅಂಜಿಕಿ ನನಗ. ಸಾಯಾಕ ಅಂಜೂದಿಲ್ಲ. ಒಳಗ ಕಾಗದದ ಮ್ಯಾಲ ಮರವಿನ ರೋಗ ಅಂತ ಒಂದು ಸಲ ಬರದ್ರಂದ್ರ ನಾ ಅಷ್ಟೇ ಆಗಿ ಉಳೀತೀನಿ. ಸಿಯಾ ದೊಡ್ಡಾಕಿ ಆದ ಮ್ಯಾಲ ಏನು ಹೇಳ್ತಾಳ? ನಮ್ಮಜ್ಜ ಚೆಸ್ ಕಲಿಸಿದ ಅಂತಲ್ಲ... ನಮ್ಮಜ್ಜ ನನ್ನನ್ನ...

ಏನಿಲ್ಲ. ಏನೂ ಅನ್ನಲಿಲ್ಲ ನಾ.

ಅದನ್ನ ಹೇಳೀನಲ್ಲ! ಎಷ್ಟು ಸಲ ಹೇಳಬೇಕು? ಶುಕ್ರವಾರ ಫಾರ್ಮಿಂಗ್ಟನ್ ಹಿಲ್ಸ್‌ನ ನನ್ನ ಮನಿಯಿಂದ, ರಜಾಕ್ಕ ಬಂದಿದ್ದ ಆಕಿನ್ನ ಕರಕೊಂಡು ನಿನ್ನ ಕಡೆ ಹೊಂಟಿದ್ನಿ. ಶನಿವಾರ ಆಕಿ ಟೂರ್ನಮೆಂಟ್ ಇತ್ತು. ಕಲಾಮಜೂ ಊರು ದಾಟಿ, ಹೈವೇ ಬಾಜೂಕ ಒಂದು ರೆಸ್ಟ್ ಏರಿಯಾದಾಗ ನಿಂತ್ವಿ. ಆಕಿ ಬಾತ್‌ರೂಮಿಗೆ ಹೋದ್ಳು. ನಾ ಗಾಡಿ ಸ್ವಲ್ಪ ಮುಂದ ನಿಲ್ಲಸಾಕ ಹೋಗಿ, ತಪ್ಪಿ ಹೈವೇ ಹತ್ತಿಬಿಟ್ನಿ. ಮುಂದಿನ ಎಕ್ಸಿಟ್ ತಗೊಂಡು ವಾಪಸ್ ಬಂದ್ನಿ. ಹತ್ತು ನಿಮಿಷ! ಬಸವಣ್ಣನ ಆಣಿ, ಹತ್ತೇ ನಿಮಿಷ!

ಬೈಯಿ ನನ್ನ. ನಿಮ್ಮವ್ವ ಇದ್ದಿದ್ರ ಇಷ್ಟೊತ್ತಿಗೆ ಹತ್ತು ಮಾತು ಅಂದು ಮುಗಿಸ್ತಿದ್ಳು. ಕಮಲವ್ವನ ಬೈಗಳ ತಡಕೊಂಡೀನಿ ನಾ, ನಲವತ್ತು ವರ್ಷ. ನೀ ಹಿಂಗ ಸ್ಟೀರಿಂಗ್ ಬಿಗಿ ಹಿಡಕೊಂಡು ಮುಂದ ನೋಡ್ಕೋತ ಕುಂತ್ರ ತಡ್ಯಾಕ ಆಗೂದಿಲ್ಲವಾ.

ಆತು. ಇಪ್ಪತ್ತು ನಿಮಿಷ ಅನ್ನು.

ಸ್ಟೀರಿಂಗ್ ಬಿಡು, ಸ್ವರೂಪಾ.

ಸಿಯಾ ಹೇಳಿದ್ಳೇನು? ...ಹೇಳಿಲ್ಲಾ? ಬರೇ ತಲಿ ಅಲ್ಲಾಡಸಬ್ಯಾಡ, ನನ್ನ ಕಡೆ ನೋಡಿ ಹೇಳು. ಶನಿವಾರ ಬೋರ್ಡ್ ಮುಂದ ಕುಂತು ಒಂದು ಪ್ಯಾದೀನೂ ಮುಟ್ಟಲಿಲ್ಲ, ಟೈಮ್ ಮುಗಿಯೂ ತನಕ ಹಂಗೇ ಕುಂತಿದ್ಳು ಅಂದಿ. ಯಾಕಂತ ನೀ ಕೇಳಿರಬೇಕಲ್ಲ. ಆಗೂ ಹೇಳಿಲ್ಲಾ? ಐದು ದಿನ... ಐದು ದಿನ ಒಂದು ಮಾತೂ...

ಅಯ್ಯ ನನ್ನವ್ವ. ಅಯ್ಯ ನನ್ನ ಕೂಸ.

ನಲವತ್ತು ಮೈಲಿ. ಹತ್ತು ನಿಮಿಷ ಅಲ್ಲ, ನಲವತ್ತು ಮೈಲಿ ಹೋಗಿದ್ನಿ ಸ್ವರೂಪಾ. ಬೆಂಟನ್ ಹಾರ್ಬರ್ ಹತ್ರ ಬಂದಿದ್ನಿ. ಆಕಿ ಹಿಂದಿನ ಸೀಟಿನ್ಯಾಗ ಕುಂತಾಳಂತ ದಾರಿ ಉದ್ದಕ್ಕೂ ಮಾತಾಡಾಕತ್ತಿದ್ನಿ. ಇದೇ ಕಥಿ ಹೇಳಾಕತ್ತಿದ್ನಿ, ಸ್ಟೈನಿಟ್ಜ್‌ಂದೇ! ಫೋನ್ ಬಂತು. ಆ ರೆಸ್ಟ್ ಏರಿಯಾದಾಗ ಕಸ ಹೊಡಿಯೂ ಹೆಣ್ಮಗಳು, ಪುಣ್ಯಾತ್ಮಳು, ಸಿಯಾನ್ನ ಕೇಳಿ ನನ್ನ ನಂಬರ್ ತಗೊಂಡಿದ್ಳು, 'ನಿಮ್ಮ ಹುಡುಗಿ ಇಲ್ಲೇ ಉಳದಾಳ' ಅಂದ್ಳು. ನಾ ಆಕಿಗೇ ಜೋರು ಮಾಡಿದ್ನಿ. ನನ್ನ ಹುಡುಗಿ ನನ್ನ ಗಾಡ್ಯಾಗ ಅದಾಳ, ಅಂತ. ತಿರುಗಿ ನೋಡಿದ್ರ ಸೀಟಿನ ಮ್ಯಾಲ ಜಾಕೆಟ್ ಇತ್ತು. ಬರೇ ಜಾಕೆಟ್.

ಅಳಬ್ಯಾಡ... ಅಳು, ಅತ್ತರೂ ಕೇಳು. ಮುಗಿದಿಲ್ಲ ಇನ್ನಾ.

ವಾಪಸ್ ಹೋದ್ನಿ. ಬಾಗಲದಾಗ ಒಂದು ಹುಡುಗಿ ನಿಂತಿತ್ತು. ಓಡಿ ಬಂದು ನನ್ನ ನಡಾ ಅಪ್ಪಿಕೊಂತು. ನಾ ಅದನ್ನ ಸರಿಸಿ ಒಳಗ ಹೋಗಿ ಹುಡುಕಿದ್ನಿ. ಯಾರನ್ನ? ನಿನ್ನನ್ನ. ಒಂಬತ್ತು ವರ್ಷದ ಸ್ವರೂಪಾನ್ನ, ಎರಡು ಜಡಿ ಹಾಕ್ಕೊಂಡಾಕಿನ್ನ. ನನ್ನ ಮಗಳೆಲ್ಲಿ ಅಂತ ಆ ಹೆಣ್ಮಗಳನ್ನ ಕೇಳಿದ್ನಿ. ಈ ಹುಡುಗಿ ಯಾರದು, ಅಂತ ಕೇಳಿದ್ನಿ. ಸಿಯಾ ಅಲ್ಲೇ ನಿಂತಿದ್ಳು.

'ಅಜ್ಜಾ, ಇಟ್ಸ್ ಮೀ,' ಅಂದ್ಳು. 'ಇಟ್ಸ್ ಸಿಯಾ.'

ಆ ಹೆಣ್ಮಗಳು ಪೊಲೀಸರಿಗೆ ಹೇಳ್ತೀನಿ ಅಂದ್ಳು. ನಿನ್ನ ಮಗಳು ಬ್ಯಾಡ ಅಂದ್ಳು. 'ಹೀ ಈಸ್ ಜಸ್ಟ್ ಟೈರ್ಡ್,' ಅಂದ್ಳು. ನನ್ನ ಕೈ ಹಿಡಕೊಂಡು ಗಾಡಿ ತನಕ ಕರಕೊಂಡು ಬಂದ್ಳು. ಅಲ್ಲಿಂದ ನಿನ್ನ ಮನಿಗೆ ನೂರೈವತ್ತು ಮೈಲಿ. ದಾರಿ ಮ್ಯಾಲಿನ ಒಂದೊಂದು ಬೋರ್ಡೂ ಆಕೀನೇ ಓದಿದ್ಳು. 'ಅಜ್ಜಾ, ಸ್ಟೇ ಲೆಫ್ಟ್. ನಾಟ್ ದಿಸ್ ಎಕ್ಸಿಟ್, ಅಜ್ಜಾ.' ಒಂಬತ್ತು ವರ್ಷದ್ದು! ಒಂದು ಸಲಾನೂ ಅಳಲಿಲ್ಲ. ನಿನ್ನ ಡ್ರೈವ್‌ವೇದಾಗ ಗಾಡಿ ನಿಲ್ಲಿಸಿ ನಾ ಏನು ಮಾಡಿದ್ನಿ ಗೊತ್ತೇನು? ಶಾಬಾಸ್ ಅನ್ನಲಿಲ್ಲ. ತಪ್ಪಾತು ಅನ್ನಲಿಲ್ಲ. ಅಮ್ಮಗ ಹೇಳಬ್ಯಾಡ ಅಂತ ಮಾತು ತಗೊಂಡ್ನಿ. ಹೇಳಿದ್ರ ಅಜ್ಜನ್ನೂ ಸ್ಟೈನಿಟ್ಜ್‌ನಂಗ ಹಿಡಕೊಂಡು ಹೋಗ್ತಾರ, ವಾಪಸ್ ಕಳಸೂದಿಲ್ಲ ಅಂದ್ನಿ. ಅಂಜಿಸಿದ್ನಿ ಆ ಕೂಸನ್ನ. ನನ್ನ ಸಲುವಾಗಿ.

ಹೂಂ. ಈಗ ನೋಡು, ಹೆಂಗ ಬೇಕೋ ಹಂಗ ನೋಡು ನನ್ನ.

ಈ ಬೆಲ್ಟ್ ಬಿಚ್ಚಾಕ ಬರವಲ್ದು... ನೀನೇ ಬಿಚ್ಚವಾ. ಸಂಜಿಕೆ ಆಕಿ ಸಾಲಿಯಿಂದ ಬಂದ ಕೂಡ್ಲೆ ಹೇಳು, ಅಜ್ಜ ತಾನೇ ಎಲ್ಲಾ ಹೇಳ್ಯಾನ, ನೀ ಇನ್ನ ಏನೂ ಮುಚ್ಚಿಡೂದು ಬ್ಯಾಡ ಅಂತ. ನಡಿ. ಡಾಕ್ಟರ್ ಮುಂದ ನಾನೇ ಹೇಳ್ತೀನಿ. ನಲವತ್ತು ಮೈಲಿ, ಜಾಕೆಟು, ಈ ಹುಡುಗಿ ಯಾರದು ಅಂದಿದ್ದು, ಎಲ್ಲಾ. ಆ ಬಾಗಲಾ ಮುಟ್ಟೂದ್ರಾಗ ನನಗ ಮರತು ಹೋಗಿದ್ರ...

ನೀ ಹೇಳವಾ.