ಸ್ಕೈಲ್ಯಾಬ್ ಬಿದ್ದ ಮರುದಿನ

...ಅಲ್ಲ, ನೀ ಮಾರಿ ಆ ಕಡೆ ತಿರುವಬ್ಯಾಡ, ಪೂರಾ ಕೇಳು. ಆ ಟಿವ್ಯಾಗಿನ ಆಕಾಶಬಂಡಿ ಎಷ್ಟ ದೂರ ಹೋಗಿತ್ತು ಗೊತ್ತೇನು? ಸೂರ್ಯಾನ ದಾಟಿ, ಚಿಕ್ಕಿ ದಾಟಿ, ಯಾರೂ ಇನ್ನೂ ಹೆಸರ ಇಡದ ಒಂದ ಲೋಕಕ್ಕ. ಬಂಡಿ ಬಾಗಲಾ ತನ್ನಷ್ಟಕ್ಕ ತಾನ ಸರೀತು. ಹೊರಗ ಒಬ್ಬ ಹಸರ ಮಾರಿಯಾಂವ ನಿಂತಾನ, ಹಣಿ ಮ್ಯಾಲ ಬದನಿಕಾಯಿಯಷ್ಟ ಬಾವು. ಅಂವ ಬಾಯಿ ತಗದು ಏನ ಮಾತಾಡಿದಾ ಅಂತಿ? ಇಂಗ್ಲಿಷ್. ಇಲ್ಲಿ ನಮ್ಮ ಇಳಕಲ್ಲಿನಿಂದ ಬಾದಾಮಿ ಮುಟ್ಟೂದ್ರಾಗ ಮಾತಿನ ರಾಗ ಮೂರ ಸಲ ಬದಲಾಗತೈತಿ, ಅಲ್ಲಿ ಕೋಟಿ ಮೈಲ ಆಚೆ ಕೂತಾಂವ ಸಾಲಿ ಮಾಸ್ತರನಂಗ ಇಂಗ್ಲಿಷ್ ಹೊಡೀತಾನ. ಬಾಜೂ ಮನಿ ಅಹ್ಮದಸಾಬ ನನ್ನ ಮಾರಿ ನೋಡಿದ, ನಾ ಅವನ ಮಾರಿ ನೋಡಿದ್ನಿ. ಇಬ್ಬರಿಗೂ ಒಂದ ಅಕ್ಷರ ತಿಳೀಲಿಲ್ಲ. ಆ ಹಸರ ಮಾರಿಯಾಂವ ಮನಿ ಮನಷ್ಯಾ ಆದ, ನಾವಿಬ್ಬರು ಬ್ಯಾರೆ ಲೋಕದವರಾದ್ವಿ.

ನಕ್ಕಿ, ಹೌದಲ್ಲ? ನೋಡಿದ್ನಿ ನಾ, ತುಟಿ ಅಳ್ಳಾಡಿತು. ಇಲ್ಲಾ? ಎಳಿ ಹಲ್ಲಾಗ ಕಡದಿ ಅಷ್ಟೇನು? ಹೂಂ. ಹಂಗಾದ್ರ ಬಿಡು.

ಇಂದ್ರಾ, ಹೋದ ಐತವಾರದಿಂದ ಇವತ್ತಿನ ಐತವಾರಕ್ಕ ಬರೋಬ್ಬರಿ ಒಂದ ವಾರ ಆತು. ಇಪ್ಪತ್ತೆರಡ ವರ್ಷದ ಸಂಸಾರದಾಗ ನೀ ಬೈದಿದ್ದಿ, ತವರಿಗಿ ಹೋಗಿ ಹದಿನೈದ ದಿನಾ ಕೂತಿದ್ದಿ, ಒಮ್ಮೆ ಲಟ್ಟಣಗಿನೂ ಒಗದಿದ್ದಿ... ಆದ್ರ ಹಿಂಗ ಬಾಯಿ ಕಟ್ಟಿದ್ದಿಲ್ಲ. ತಾಟ ತಂದ ನೆಲಕ್ಕ ಕುಕ್ಕತಿ, ಅಂದ್ರ ಊಟಕ್ಕ ಬರ್ರಿ. ಚರಗಿ ಕುಕ್ಕಿದ್ರ ಕೈ ತೊಳಕೋರಿ. ಮನ್ಯಾಗಿನ ಭಾಂಡೆ ಸಾಮಾನೆಲ್ಲಾ ಮಾತಾಡಾಕತ್ತಾವು, ನೀ ಒಬ್ಬಾಕಿ ಮಾತಾಡವಲ್ಲಿ. ಹೋದ ಐತವಾರ ಇಬ್ಬರೂ ಕೂಡೇ ಅಹ್ಮದಸಾಬನ ಮನಿಗಿ ಹೋದ್ವಿ. ನಾವ ಗಂಡಸರು ಪಡಸಾಲ್ಯಾಗ ಟಿವಿ ಮುಂದ, ನೀ ಅಡಗಿ ಮನ್ಯಾಗ ಅವನ ಹೆಂಡತಿ ರೋಷನಬಿ ಕೂಡ. ಹೋಗೂ ಮುಂದ ಮಾತಾಡಿಕೋತ ಹೋದಾಕಿ, ಬರೂ ಮುಂದ ಮೂಕಿ ಆಗಿ ಬಂದಿ. ಚಾ ಚಲೋ ಇದ್ದಿಲ್ಲೇನು?

ಮತ್ತ ಲಾಳಿ ಸರಸರ ಒಗದ ಮಗ್ಗಾ ಜೋರ ಮಾಡಿದಿ. ಮಾಡು. ಸಿಟ್ಟ ಬಂದ್ರ ನಿನ್ನ ಮಗ್ಗಾ ಜೋರ, ಕಿವಿಗೊಟ್ಟ ಕೇಳಾಕತ್ರ ಸಾವಕಾಶ, ಅಷ್ಟ ನನಗೂ ತಿಳೀತೈತಿ. ನಾ ಇಲ್ಲೇ ನಿನ್ನ ಮಗ್ಗದ ಕುಣಿ ಪಕ್ಕದಾಗ ಕಂಡಿಕಿಗಿ ನೂಲ ಸುತ್ತಿಕೋತ ಕೂತೇನಿ. ಇವತ್ತ ನಿನ್ನ ಬಾಯಿಂದ ಒಂದರೆ ಮಾತ ಹೊಂಡಸಲಾರದ ಏಳಾಂವಲ್ಲ.

ಈ ಟಿವಿ ಧಾರಾವಾಹಿ ಮ್ಯಾಲ ನಂದೊಂದ ತಕರಾರ ಐತಿ ನೋಡು. ಅದರ ಆಕಾಶ. ಕರೀ ಅರಿವಿ ಕಟ್ಟಿ, ತೂತ ಹೊಡದು, ಹಿಂದ ದೀಪಾ ಹಚ್ಯಾರ. ಅಹ್ಮದಸಾಬ ಖರೆ ಆಕಾಶನ ಅಂತ ವಾದಾ ಹೂಡಿದ. ನೇಕಾರನ ಮುಂದ ಹೇಳತೀಯೇನಲೇ ಅಂದ್ನಿ. ಒಂದ ಮೂಲ್ಯಾಗ ಅರಿವಿ ಜೋಲ ಬಿದ್ದಿತ್ತು, ಹೊಕ್ಕಿನ ಎಳಿ ಎಣಸಬಹುದಿತ್ತು. ಅಷ್ಟ ತೆಳ್ಳಾನ ಅರಿವ್ಯಾಗ ಆಕಾಶ ಮಾಡಿದ್ರ ಚಿಕ್ಕಿ ಉದರದ ಏನ ಮಾಡ್ತಾವು? ಇನ್ನ ಆ ಪ್ಯಾಟಿ ಸಿನಿಮಾದ ದೈತ್ಯಾ, ಹಲ್ಲಿ ಮಾರಿದು, ನೆಪ್ಪೈತೇನು, ನಿನ್ನ ಮುಂದ ಹೇಳಿದ್ದೆನಲ್ಲ. ಊರ ತುಳಕೋತ ಬರತಿತ್ತು, ನೆಲದಾಗ ಕೂತ ಮಂದಿ ಚೀರತಿತ್ತು. ನಾ ಮಾತ್ರ ಅದರ ಬೆನ್ನ ನೋಡಿದ್ನಿ. ಉದ್ದಕ್ಕ ಹೊಲಿಗಿ. ಅದೂ ಕಚ್ಚಾ ಹೊಲಿಗಿ. ಬಾಜೂಕ ಕೂತಾಂವನ ಈ ದೈತ್ಯಾನ ದರ್ಜಿ ಯಾವ ಊರಾಂವ ಅಂತ ಕೇಳಿದ್ರ, ಅಂವ ನನ್ನ ದೂಡಿ ಆಚೆ ಸರದ ಕೂತ.

ಆದ್ರ ಪಿಚ್ಚರ್ ಅಂದ್ರ ಹುನಗುಂದದ ಟೆಂಟಿನಾಗ ನೋಡಿದ್ದು. ಒಂದ ಕುರ್ಚಿ, ಅದರ ಮ್ಯಾಲ ಕೂತ ಹಿಡಿಕಿ ತಿರುವಿದ್ರ ಹಿಂದಿನ ಕಾಲಕ್ಕೂ ಹೋಗಬಹುದು, ಮುಂದಿನ ಕಾಲಕ್ಕೂ ಹೋಗಬಹುದು. ಅವತ್ತ ರೀಲ ಹಚ್ಚಾಂವ ಕಡೀ ರೀಲ ಮೊದಲ ಹಚ್ಚಿಬಿಟ್ಟ. ಕುರ್ಚಿ ಮ್ಯಾಲ ಕೂತಾಂವ ಗಡ್ಡಾ ಬಿಟ್ಟಕೊಂಡ, ಹರಕ ಅಂಗಿ ತೊಟ್ಟಕೊಂಡ ಸೋತ ಬಂದಾಂವ, ನೋಡನೋಡತ ಹರೇದಾಂವ ಆದ, ಗಡ್ಡಾ ಹೋತು, ಅಂಗಿ ಹೊಸಾದಾತು, ಕಡೀಕ ಆರಾಮ ಕೂತ ನಾಷ್ಟಾ ಮಾಡಾಕತ್ತಾನ, ಕುರ್ಚಿ ಇನ್ನೂ ಮಾಡೇ ಇಲ್ಲ. ಟೆಂಟಿಗಿ ಟೆಂಟ ಚಪ್ಪಾಳಿ. ಆಮ್ಯಾಲ ಬಾಗಲಕೋಟ್ಯಾಗ ಅದನ್ನ ಸರಿಯಾಗಿ ಹಚ್ಚಿದ್ರು, ಸಪ್ಪಗಿತ್ತು. ಹನ್ನೊಂದ ಸಲ ನೋಡೀನಿ ಅದನ್ನ...

ಯಾಕ, ಮಗ್ಗಾ ಯಾಕ ಹಂಗ ಬಡದಿ? ಆತು, ಎರಡ ಸಲ. ಹುನಗುಂದಾಗ ಒಂದು, ಬಾಗಲಕೋಟ್ಯಾಗ ಒಂದು. ಇನ್ನ ಒಂಬತ್ತ ಸಲ ನಿನ್ನ ಮುಂದ ಕೂತ ಹೇಳೀನಿ, ಅದನ್ನೂ ಕೂಡಿಸಿದ್ನಿ.

ಖರೆ ಹೇಳು, ಆ ಕುರ್ಚಿ ನಮ್ಮ ಅಂಗಳಕ್ಕ ಬಂದ್ರ ನೀ ಯಾವ ದಿನಕ್ಕ ಹೋಗತಿ? ನಾ ಆದ್ರ ನಮ್ಮ ಮದಿವಿ ಊಟಕ್ಕ ಹೋಗತಿದ್ನಿ, ಕಡೀ ಪಂಗತಿಗಿ ಹೋಳಿಗಿ ತೀರಿತ್ತಲ್ಲ, ಈ ಸಲ ಮೊದಲನೇ ಪಂಗತಿಗೇ ಕೂಡತಿದ್ನಿ. ನೀ?... ಈಗ ನೋಡು, ಸಾವಕಾಶ ಆತು ಮಗ್ಗಾ. ಕೇಳಾಕತ್ತಿ. ಯಾವ ದಿನಕ್ಕ ಹೋಗತಿ, ಹೇಳು. ಬೆರಳ ಮಾಡಿ ತೋರಸಿದ್ರೂ ನಡೀತೈತಿ.

ಬ್ಯಾಡ, ಬಿಡು.

ಲೋಕ ಮುಳಗೂ ಪಿಚ್ಚರ್‌ಗೋಳ ಬಗ್ಗೆ ಹೇಳತೇನಿ. ಅವು ಎಲ್ಲಾ ಸುಳ್ಳ. ಮ್ಯಾಲಿಂದ ಏನೋ ಬೀಳಾಕತ್ತೈತಿ, ಕೆಳಗ ಮಂದಿ ಓಡತಾರ, ಎಲ್ಲಾರೂ ಒಂದ ದಿಕ್ಕಿಗೇ ಓಡತಾರ, ಕೈ ಬೀಸಿಕೋತ. ಒಬ್ಬರ ಕೈಯಾಗರೆ ಏನರೆ ಸಾಮಾನ? ಇಲ್ಲ. ಹಾಲ ಒಲಿ ಮ್ಯಾಲ ಐತಿ ಅಂತ ತಿರುಗಿ ಹೋಗಾಕಿ ಒಬ್ಬಾಕಿಲ್ಲ. ಅಂಥ ಪಿಚ್ಚರ್ ಮಾಡಾವರು ಒಮ್ಮೆ ನಿನ್ನನ್ನ ನೋಡಬೇಕಿತ್ತು. ಎಪ್ಪತ್ತೊಂಬತ್ತರಾಗ, ಆ ಸ್ಕೈಲ್ಯಾಬ್ ಬರೂ ಮುಂದ.

ಈ ಕಥಿ ಚಾ ಅಂಗಡ್ಯಾಗ ಎಂಟ ವರ್ಷದಿಂದ ಹೇಳಾಕತ್ತೇನಿ, ಮಂದಿ ಇನ್ನೂ ನಗತಾರ. ನೀನೂ ನಗತಿದ್ದಿ. ಇವತ್ತೂ ನಗಬೇಕು, ಕೇಳು. ಅಮೇರಿಕಾದವರು ಆಕಾಶಕ್ಕ ಹಾರಿಸಿದ ಮನಿಯಷ್ಟ ದೊಡ್ಡ ಯಂತ್ರ, ಕೆಟ್ಟ ಕೆಳಗ ಬೀಳಾಕತ್ತೈತಿ, ಯಾರ ತಲಿ ಮ್ಯಾಲ ಬೀಳತೈತೋ ಗೊತ್ತಿಲ್ಲ ಅಂತ ಹದಿನೈದ ದಿನಾ ಬರೇ ಅದ ಸುದ್ದಿ. ಇದ್ದದ್ದ ಉಂಡಬಿಡೂನು ಅಂತ ಮಂದಿ ಹಬ್ಬಕ್ಕ ಇಟ್ಟ ಬೆಲ್ಲಾ ತಗದ ಹೋಳಿಗಿ ಮಾಡಿದ್ರು. ನೀ ಮಾತ್ರ ಕುಣ್ಯಾಗ ಕಾಲ ಇಳಿಬಿಟ್ಟ ಕೂತಾಕಿ ಏಳಲಿಲ್ಲ. ನಿನ್ನ ತಂಗಿ ಬನಶಂಕರಿ ಮದಿವಿ ಶ್ರಾವಣದಾಗ. ಅಕೀಗಿ ನಿನ್ನ ಕೈಲೇ ನೇದ ಸೀರಿ ಉಡಸಬೇಕಂತ ಹಟಾ. ದಾಳಿಂಬ್ರಿ ಬಣ್ಣದ ಒಡಲ ಪೂರಾ ನೇದಾಗಿತ್ತು. ಕೆಂಪ ಸೆರಗ ಒಂದ ಉಳಿದಿತ್ತು.

ಅವತ್ತ ಮುಂಜಾನಿ ನಾ ಬಸ್ ಸ್ಟ್ಯಾಂಡ ಕಡೆ ಹೋಗಿದ್ನಿ. ಯಾರೋ ಒಬ್ಬಾಂವ ಓಡಿಕೋತ ಬಂದ, ಬಂತು ಬಂತು, ಇಳಕಲ್ಲ ಮ್ಯಾಲ ಬಂತು ಅಂದ. ಮಾರಿ ಸೈತ ನೋಡಲಿಲ್ಲ ನಾ. ಒಂದ ಉಸರಿಗಿ ಮನಿಗಿ ಓಡಿ ಬಂದ್ನಿ. ತಲಿ ಕಾಯಬೇಕಲ್ಲ, ಬಾಗಲದಾಗ ಬಿಸಲಿಗಿಟ್ಟ, ಹಿಟ್ಟ ನಾದೂ ಹಿತ್ತಾಳಿ ಪರಾತ ಎತ್ತಿ ತಲಿ ಮ್ಯಾಲ ಬೋರಲ ಹಾಕ್ಕೊಂಡ್ನಿ. ಕುತ್ತಿಗಿ ಮಟಾ ಪರಾತ, ಅದರ ಒಳಗಿಂದ ಇಂದ್ರಾ ಬಂತು, ನಮ್ಮ ಓಣಿ ಮ್ಯಾಲ ಬಂತು ಅಂತ ಚೀರೂದು. ನೀ ಒಂದ ಸಲ ಮ್ಯಾಲ ಜಂತಿ ನೋಡಿದಿ, ಒಂದ ಸಲ ಸೀರಿ ನೋಡಿದಿ. ಕತ್ತರಿ ತಗೊಂಡಿ, ಕರ್ರ ಅಂತ ಕತ್ತರಿಸಿ, ಮಗ್ಗದ ಮ್ಯಾಲಿನ ಸೀರಿ ಎದಿಗಿ ಅವಚಿಕೊಂಡ ಹೊರಗ ಓಡಿದಿ. ಸೆರಗಿನ ಹಾಸ ಎಳಿಗಿ ಎಳಿ ಕೊಂಡಿ ಹಾಕಿ ಕೂಡಸಬೇಕಾದ್ರ ಒಡಲಿನ ತುದಿ ಬಿಟ್ಟಿರಬೇಕು, ನೇಕಾರರ ಮನ್ಯಾಗ ಹುಟ್ಟಿದ ಕೂಸಿಗೂ ಗೊತ್ತು. ನೀ ತುದಿ ಬಿಡದ ಸಮಾ ಕತ್ತರಿಸಿದಿ, ಇನ್ನ ಸೆರಗ ಎಂದೂ ಕೂಡೂ ಹಂಗಿಲ್ಲ. ಸೆರಗಿಲ್ಲದ ಸೀರಿ! ಓಣ್ಯಾಗ ಮುಂದ ನೀ, ಹಿಂದ ಪರಾತ ಹೊತ್ಕೊಂಡ ನಾ. ಮಂದಿ ಹೊಟ್ಟಿ ಹಿಡಕೊಂಡ ನಕ್ಕರು. ಏ ಅಂದಪ್ಪಾ, ಅದು ನಿನ್ನೆ ರಾತ್ರೀನ ಎಲ್ಲೋ ದೂರ ಸಮುದ್ರಕ್ಕ ಬಿತ್ತಲ್ಲೋ, ಬೆಳಕ ಹರಿಯೂದ್ರಾಗ ರೇಡಿಯೋದಾಗ ಹೇಳಿದ್ರಲ್ಲೋ ಅಂದ್ರು. ನಮ್ಮ ಮನ್ಯಾಗ ರೇಡಿಯೋ ಎಲ್ಲಿಂದ ಬರಬೇಕು. ಬಿದ್ದ ಮರುದಿನ ಹೆದರಿ ಓಡಿದ ಗಂಡಾ ಹೆಂಡತಿ ಅಂದ್ರ ಜಗತ್ತಿನಾಗ ನಾವಿಬ್ಬರ...

ಯಾಕ ನಿಲ್ಲಿಸಿದಿ?

ಎಳಿ ಹರೀತೇನು? ಇಲ್ಲ, ಸರಿ ಐತಲ್ಲ. ಕಂಡಿಕಿ ತೀರಿತೇನು, ಹಿಡಿ, ಹೊಸಾದ ಸುತ್ತೀನಿ. ಹಿಡಿ. ಬ್ಯಾಡಾ? ಹಂಗ್ಯಾಕ ಆ ಗ್ವಾಡಿ ನೋಡತಿ? ಗ್ವಾಡ್ಯಾಗ ಏನೈತಿ. ಅದರ ಆಚೆ ಅಹ್ಮದಸಾಬನ ಮನಿ...

ಓ. ರೋಷನಬಿ ಭಾಬಿ ಏನರೆ ಅಂದ್ಲೇನು, ಹೋದ ಐತವಾರ? ಅಕಿ ಮಾತ ಹಿಡೀಬ್ಯಾಡ ನೀ. ಅಕಿಗೇನ ಗೊತ್ತು? ಅವತ್ತ ಸ್ಕೈಲ್ಯಾಬ್ ಬಿದ್ದ ಸುದ್ದಿ ರೇಡಿಯೋದಾಗ ಬರೂ ಮುಂದ ಅಕಿ ಒಳಗ ಚಾ ಸೋಸಾಕತ್ತಿದ್ಲು, ನಾವ ಪಡಸಾಲ್ಯಾಗ...

...

ಹೂಂ. ಪಡಸಾಲ್ಯಾಗ ಇದ್ನಿ. ಬಸ್ ಸ್ಟ್ಯಾಂಡಿಗಿ ಹೋಗಿದ್ದಿಲ್ಲ.

ನೋಡು, ಅದ ಹಿಂಗಾತು. ಬಿತ್ತು, ಸಮುದ್ರಕ್ಕ ಬಿತ್ತು ಅಂತ ಹೇಳಿದ್ರು. ಅಹ್ಮದಸಾಬ ಚಲೋ ಆತು ಅಂದ. ನನಗ ಮಾತ್ರ ಒಂಥರಾ ಸಪ್ಪ ಅನಿಸ್ತು. ಹದಿನೈದ ದಿನಾ ಕಾದ ಪಿಚ್ಚರ್ ತೋರಸಲಾರದ ಡೇರೆ ಕಿತ್ತಂಗ. ಆಗ ನಿನ್ನ ನೆಪ್ಪಾತು. ಈ ಹಾಸ ಮುಗೀಲಿ, ಆ ಹಾಸ ಮುಗೀಲಿ ಅಂತ ನೀ ಒಂದ ಪಿಚ್ಚರ್‌ಗೂ ನನ್ನ ಕೂಡ ಬಂದಿದ್ದಿಲ್ಲ. ಮನ್ಯಾಗ ಒಂದ ಸಣ್ಣ ಆಟ ತೋರಸೂನು, ಅಂಗಳಕ್ಕ ಬಂದ ಆಕಾಶ ನೋಡತಾಳ, ಬಿತ್ತ ಹುಚ್ಚೀ ನಿನ್ನೇನ ಬಿತ್ತ ಅಂತ ಹೇಳೂನು, ಇಬ್ಬರೂ ನಗೂನು... ಇಷ್ಟ. ಕತ್ತರಿ ನನ್ನ ಆಟದಾಗ ಇದ್ದಿಲ್ಲ. ನೀ ಕತ್ತರಿ ತಗೊಂಡದ್ದ ನಾ ನೋಡಲಿಲ್ಲ, ಪರಾತ ಕಣ್ಣಿಗಿ ಅಡ್ಡ ಇತ್ತು. ಕರ್ರ ಅಂದದ್ದಷ್ಟ ಕೇಳಿದ್ನಿ. ಆವಾಗರೆ ಹೇಳಬೇಕಿತ್ತು. ಹೇಳಿದ್ರ ಏನ ಉಳೀತಿತ್ತು, ಬನಶಂಕರಿ ಸೀರಿ ಉಳೀತಿದ್ದಿಲ್ಲ. ಅದಕ್ಕ ಕಥ್ಯಾಗ ಬಸ್ ಸ್ಟ್ಯಾಂಡಿನಿಂದ ಸುಳ್ಳಸುಳ್ಳ ಒಬ್ಬಾಂವನ ಓಡಿಸಿಕೊಂಡ ಬಂದ್ನಿ.

ಒಂದ ಮಾತ ಚಾ ಅಂಗಡ್ಯಾಗ ಎಂದೂ ಹೇಳಿಲ್ಲ. ಯಾರ ಮುಂದೂ ಹೇಳಿಲ್ಲ. ನೀ ಹೊಸ್ತಲಾ ದಾಟಿದಾಕಿ ತಿರುಗಿ ಒಳಗ ಬಂದಿ. ಒಂದ ಬಗಲಾಗ ಸೀರಿ, ಇನ್ನೊಂದ ಕೈಲೇ ನನ್ನ ರಟ್ಟಿ ಹಿಡದ ಎಳದಿ. 'ನೀವ ಮೊದಲ ಹೊರಗ ನಡೀರಿ' ಅಂದಿ. ನಿನ್ನ ಕೈ ನಡಗಾಕತ್ತಿತ್ತು. ನನ್ನ ರಟ್ಟಿನೂ ನಡಗಾಕತ್ತಿತ್ತು, ಇಂದ್ರಾ. ನಗಿ ತಡಕೊಂಡದ್ದಕ್ಕ. ನೀ ಹೆದರಿಕಿ ಅಂತ ತಿಳಕೊಂಡ ಇನ್ನಷ್ಟ ಗಟ್ಟಿ ಹಿಡದಿ.

ಎಂಟ ವರ್ಷ ಹಂಗ ತಿಳಕೊಂಡಿ. ಬಾವಿ ಕಟ್ಟಿಗಿ ಹೆಂಗಸರು ಚಾಷ್ಟಿ ಮಾಡಿದ್ರ, ಅಂವಗೂ ಅಷ್ಟ ಹೆದರಿಕಿ ಆಗಿತ್ತವ್ವಾ, ಇಬ್ಬರೂ ಹುಚ್ಚರ ಆಗಿದ್ವಿ ಅಂತ ನಕ್ಕ ಬರತಿದ್ದಿ. ಮದಿವ್ಯಾಗ ತಂಗಿ ಅಂಗಡಿ ಸೀರಿ ಉಟ್ಟ ನಿಂತಾಗ, ನಿಮ್ಮ ಅವ್ವ ನನ್ನ ಕಡೆ ಕೆಕ್ಕರಿಸಿ ನೋಡಿದ್ರ, ನೀನ ನಡುವ ಬಂದ ನಿಂತಿ.

ಅವತ್ತ ಹೆದರಿದ್ದ ನೀ ಒಬ್ಬಾಕಿ.

ಇಂದ್ರಾ. ಏನರೆ ಅನ್ನು. ಬೈ. ಲಟ್ಟಣಗಿ ಬೇಕೇನು, ತಂದ ಕೈಯಾಗ ಕೊಡತೇನಿ... ಅತ್ತಾಗ ನೋಡಬ್ಯಾಡ. ಮಗ್ಗದ ಸಪ್ಪಳಿಲ್ಲದ್ದು ನನಗ ತಡಿಯಾಕ ಆಗವಲ್ದು. ಮಾತ ಬ್ಯಾಡ, ಬಿಡು. ನನ್ನ ಕೂಡ ಮಾತಾಡಬ್ಯಾಡ.

ಲಾಳಿಯರೆ ಒಗಿ.